ಬಿಟ್ಟಿ ಊಟದ ಬಿಲ್ಲು

ತಂಗಿ, ನಿನ್ನ ಪತ್ರ ಓದಿದೆ. ಟೆನಿಸ್ ಸ್ಕಾಲರ್‌ಶಿಪ್, ಎಫ್-1 ಅನ್ನುವ ವಿದ್ಯಾರ್ಥಿ ವೀಸಾ ಎರಡೂ ಸಿಕ್ಕಿವೆ, ಆಗಸ್ಟ್‌ನಲ್ಲಿ ಹೊರಡುತ್ತೀ. ‘ಅಮೆರಿಕದಲ್ಲಿ ಈಗ ಕಾಲೇಜು ಆಟಗಾರರಿಗೂ ದುಡ್ಡು ಕೊಡ್ತಾರಂತೆ, ಅಪ್ಪನ ಸಾಲ ತೀರುತ್ತಾ ಅಣ್ಣ?’ ಅಂತ ಕೇಳಿದ್ದೀಯ. ಚಳಿ, ಊಟದ ಬಗ್ಗೆಯೂ ಕೇಳಿದ್ದೀಯ. ಜಾಕೆಟ್ ಇಲ್ಲೇ ಕೊಂಡರಾಯಿತು. ಶೇಂಗಾ ಹಿಂಡಿ ಜಾಸ್ತಿ ತಾ.

2008ರಲ್ಲಿ ನಾನು ಧಾರವಾಡದಿಂದ ಇಲ್ಲಿಗೆ ಬಂದಾಗ ಕಾಲೇಜು ಆಟಗಾರ ತನ್ನ ಹೆಸರಿನಿಂದ ಒಂದು ಡಾಲರ್ ಕೂಡ ಗಳಿಸುವಂತಿರಲಿಲ್ಲ. ನಮ್ಮ ಕಡೆಯ ಹೋಟೆಲ್‌ನವರೊಬ್ಬರು ಭಾನುವಾರ ಪುಕ್ಕಟೆ ಊಟ ಹಾಕುತ್ತಿದ್ದರು. ಕರಪತ್ರದಲ್ಲಿ ನನ್ನ ಫೋಟೋ ಹಾಕಿದರು. ನಾನು ಹಿಗ್ಗಿದೆ. ಕಾಲೇಜಿನವರು ಉಂಡ ಊಟಕ್ಕೆಲ್ಲ ಲೆಕ್ಕ ಹಾಕಿ, ಅಷ್ಟು ದುಡ್ಡನ್ನು ದಾನಕ್ಕೆ ಕೊಡಿಸಿ, ಎರಡು ಪಂದ್ಯ ಹೊರಗೆ ಕೂರಿಸಿದರು. ಅದೇ ವಾರ ನನ್ನ ಅಪ್ಪ ಬಂದಿದ್ದರು. ಅವರು ಇಲ್ಲಿಗೆ ಬಂದದ್ದು ಅದೊಂದೇ ಸಲ. ಎರಡು ಸ್ವೆಟರ್ ಹಾಕಿಕೊಂಡು ಕೂತು, ಮಗ ಬೇರೆಯವರ ಬಾಟಲಿಗೆ ನೀರು ತುಂಬುವುದನ್ನು ನೋಡಿದರು. ‘ಕಾಲು ಉಳುಕಿದೆ’ ಅಂದೆ.

2021ರ ಜುಲೈನಲ್ಲಿ ಕಾಲೇಜು ಆಟಗಳ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ ಆ ಗಂಟು ಸಡಿಲಿಸಿತು. ಹೆಸರು, ಮುಖ ತೋರಿಸಿ ಗಳಿಸಬಹುದು; ಎನ್‌ಐಎಲ್ ಅಂತಾರಲ್ಲ, ಅದು. 2025ರ ಜೂನ್‌ನಲ್ಲಿ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ‘ಹೌಸ್’ ಕೇಸಿನ ರಾಜಿಗೆ ಕೋರ್ಟ್ ಒಪ್ಪಿದ ಮೇಲೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಹಂಚತೊಡಗಿದವು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಬಾಯಿ ಬಿಡಬೇಡ. ಬಹುಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ. ಟೆನಿಸ್‌ಗೆ ಒಗ್ಗರಣೆ ಸಾಸಿವೆಯಷ್ಟು. ಜೊತೆಗೆ, ಈ ರಾಜಿಗೆ ಸೇರಿದ ಕಾಲೇಜುಗಳಲ್ಲಿ ಟೆನಿಸ್ ತಂಡಕ್ಕೆ ಹತ್ತೇ ಜನ. ನಿನ್ನ ಜಾಗ ಗಟ್ಟಿನಾ ಅಂತ ಕೋಚ್‌ನ ಈಗಲೇ ಕೇಳು.

ವೀಸಾ ಕಾನೂನು ಮಾತ್ರ ಎನ್‌ಸಿಎಎ ಕೈಯಲ್ಲಿಲ್ಲ. ಎಫ್-1ನವರು ಅನುಮತಿಯಿಲ್ಲದೆ ಕ್ಯಾಂಪಸ್ ಹೊರಗೆ ದುಡಿಯುವಂತಿಲ್ಲ. ಜೊತೆಗಾತಿ ಶೂ ಹಿಡಿದು ರೀಲ್ ಮಾಡಿ ಕಾಸು ತಗೊಳ್ತಾಳೆ. ಅದನ್ನೇ ನೀನು ಮಾಡಿದರೆ ಎರಡು ಪಂದ್ಯಕ್ಕೆ ಮುಗಿಯುವುದಿಲ್ಲ, ವೀಸಾಕ್ಕೇ ಕುತ್ತು. ಕೆಂಟಕಿ ವಿಶ್ವವಿದ್ಯಾಲಯಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕಾಂಗೋದ ಆಸ್ಕರ್ ಶೀಬ್ವೆ, 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ, ಅಮೆರಿಕದ ಹೊರಗೆ ಅಂತ, ಅಲ್ಲೇ ಜಾಹೀರಾತು ಕೆಲಸ ಮುಗಿಸಿಕೊಂಡ. ಜಾಣ! ರಜೆಯಲ್ಲಿ ಹುಬ್ಬಳ್ಳಿಯ ಅಂಗಡಿಯವರು ಕರೆದರೆ ನೀನೂ ನೋಡಬಹುದು. ಅದಕ್ಕೂ ಮೊದಲು ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಇಮೇಲ್ ಬರೆದು, ಉತ್ತರ ಜೋಪಾನವಾಗಿ ಇಟ್ಟುಕೋ. ಕೋಚ್ ಬಾಯಿಮಾತು ಸಾಲದು. ನಮ್ಮವರೇ ಅಲ್ವಾ ಅಂತ ಯಾರ ಕರಪತ್ರಕ್ಕೂ ನಿಲ್ಲಬೇಡ.

ಆಟದಿಂದ ಸಾಲ ತೀರುವುದಿಲ್ಲ ಅಂತ ನಿನ್ನ ಅಪ್ಪನಿಗೆ ಹೊರಡುವ ಮೊದಲೇ ಹೇಳಿಬಿಡು. ನಾನು ನನ್ನ ಅಪ್ಪನಿಗೆ ನಿಜ ಹೇಳಲೇ ಇಲ್ಲ. ಕೊನೆಯವರೆಗೂ ಪ್ರತಿ ಫೋನಿನಲ್ಲಿ ಅವರು ಮೊದಲು ಕೇಳುತ್ತಿದ್ದದ್ದು, ‘ಕಾಲು ಹೆಂಗದ?’