ಹೆರಾಯಿನ್ ಚಟ ಹಿಡಿದ ನನ್ನ ತಮ್ಮನಿಗೆ ಅದನ್ನು ಬಿಡಿಸಲು ಮೆಥಡೋನ್ ಎಂಬ ಮದ್ದು ಕೊಟ್ಟರೆ ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂತೆ ಅಲ್ವಾ?

ಅಲ್ಲ. ಹೆರಾಯಿನ್ ಥಟ್ಟನೆ ಅಮಲೇರಿಸಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆಮೇಲೆ ಮೈಕೈ ನೋವು, ಬೆವರು, ವಾಂತಿ, ಭೇದಿ. ಆ ಸಂಕಟ ತಾಳಲಾರದೆ ಜನ ಮತ್ತೆ ಅದನ್ನೇ ಹುಡುಕುತ್ತಾರೆ. ಮೆಥಡೋನ್ ಮಿದುಳಿನಲ್ಲಿ ಅದೇ ಜಾಗಕ್ಕೆ ಅಂಟಿದರೂ ನಿಧಾನವಾಗಿ ಏರುತ್ತದೆ, ಇಡೀ ದಿನ ಉಳಿಯುತ್ತದೆ. ವೈದ್ಯರು ಹೊಂದಿಸಿದ ಪ್ರಮಾಣದಲ್ಲಿ ದಿನಕ್ಕೊಂದು ಸಲ ತೆಗೆದುಕೊಂಡರೆ ಅಮಲೂ ಇಲ್ಲ, ಸಂಕಟವೂ ಇಲ್ಲ. ಕಾರವಾರದ ಬಂದರಿನಲ್ಲಿ ದುಡಿಯುವ ನಿಮ್ಮ ತಮ್ಮ ಮತ್ತೆ ಕೆಲಸ, ಊಟ, ನಿದ್ದೆಯ ಕಡೆ ಮನಸ್ಸು ಕೊಡಬಹುದು. ನಮ್ಮ ದೇಶದಲ್ಲಿ ಇದಕ್ಕೆ ಹೆಚ್ಚಾಗಿ ಕೊಡುವುದು ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ, ಉದ್ದೇಶ ಒಂದೇ.

‘ಇನ್ನು ಸಾಕು’ ಎಂದು ಮನೆಯವರು ದಯವಿಟ್ಟು ಮದ್ದು ನಿಲ್ಲಿಸಬೇಡಿ. ಮದ್ದು ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ. ಆಗ ಹಳೆಯ ಪ್ರಮಾಣದ ಹೆರಾಯಿನ್ ಉಸಿರನ್ನೇ ನಿಲ್ಲಿಸಬಹುದು.