‘ಪೀಕಿ ಬ್ಲೈಂಡರ್ಸ್’ ಧಾರಾವಾಹಿಯ ಶೆಲ್ಬಿ ಕುಟುಂಬ ನಿಜವಾಗಿಯೂ ಇತ್ತೇ?

ಇರಲಿಲ್ಲ. ಥಾಮಸ್ ಶೆಲ್ಬಿ, ಅಣ್ಣ ಆರ್ಥರ್, ಸೋದರತ್ತೆ ಪಾಲಿ ಎಲ್ಲರೂ ಧಾರಾವಾಹಿಯ ಲೇಖಕ ಸ್ಟೀವನ್ ನೈಟ್ ಸೃಷ್ಟಿಸಿದ ಪಾತ್ರಗಳು. ಆದರೆ ‘ಪೀಕಿ ಬ್ಲೈಂಡರ್ಸ್’ ಎಂಬ ಹೆಸರು ಕಟ್ಟುಕಥೆಯಲ್ಲ. 1890ರಲ್ಲೇ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಪತ್ರಿಕೆಗಳಲ್ಲಿ ಬೀದಿ ಪುಂಡರ ಗುಂಪಿನ ಹೆಸರಾಗಿ ಕಾಣಿಸಿಕೊಂಡಿತ್ತು.

ಧಾರಾವಾಹಿಯ ಕಥೆ ಶುರುವಾಗುವುದು 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಆ ಪುಂಡರ ಕಾಲ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಅವರು ಸೂಟು ತೊಟ್ಟು ಸಾಮ್ರಾಜ್ಯ ಕಟ್ಟಿದವರೂ ಅಲ್ಲ. ಕೊಳೆಗೇರಿಯ ಬೀದಿಗಳಲ್ಲಿ ಬೆಲ್ಟು, ಬೂಟು, ಕಲ್ಲು ಹಿಡಿದು ಹೊಡೆದಾಡುತ್ತಿದ್ದ ಬಡ ಯುವಕರು. ಅವರ ಏಟು ಹೆಚ್ಚಾಗಿ ಬಿದ್ದದ್ದು ತಮ್ಮಂಥದೇ ಬಡವರ ಮೇಲೆ ಮತ್ತು ಪೊಲೀಸರ ಮೇಲೆ. ಇದನ್ನು ಮರೆಯಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಧಾರಾವಾಹಿಯಲ್ಲಿ ತೋರಿಸುವಂತೆ ಅವರು ಟೋಪಿಯ ಅಂಚಿನಲ್ಲಿ ಬ್ಲೇಡು ಹೊಲಿಯುತ್ತಿದ್ದರು ಎಂಬುದನ್ನು ಇತಿಹಾಸಕಾರ ಕಾರ್ಲ್ ಚಿನ್ ಒಪ್ಪುವುದಿಲ್ಲ. ಬಳಸಿ ಎಸೆಯುವ ಬ್ಲೇಡು ಆಗಿನ್ನೂ ದುಬಾರಿ ವಸ್ತು. ಟೋಪಿಯ ಮುಂಚಾಚನ್ನು ಇಂಗ್ಲಿಷಿನಲ್ಲಿ ‘ಪೀಕ್’ ಎನ್ನುತ್ತಾರೆ, ಹೆಸರಿನ ಮೊದಲರ್ಧ ಬಂದದ್ದು ಅಲ್ಲಿಂದ.

ಆದರೆ ಧಾರಾವಾಹಿಯಲ್ಲಿ ಬರುವ ಬಿಲ್ಲಿ ಕಿಂಬರ್ ನಿಜವಾದ ವ್ಯಕ್ತಿ. ಕುದುರೆ ಪಂದ್ಯದ ಜೂಜನ್ನು ನಿಯಂತ್ರಿಸುತ್ತಿದ್ದ ‘ಬರ್ಮಿಂಗ್‌ಹ್ಯಾಮ್ ಬಾಯ್ಸ್’ ಗುಂಪಿನ ನಾಯಕ. ಧಾರಾವಾಹಿಯ ಮೊದಲ ಸರಣಿಯಲ್ಲೇ ಥಾಮಸ್‌ನ ಗುಂಡಿಗೆ ಬಲಿಯಾಗುವ ಅವನು, ವಾಸ್ತವದಲ್ಲಿ 1945ರವರೆಗೂ ಬದುಕಿದ್ದ.