ಸೂಜಿ ಚುಚ್ಚಿದ ಮೇಲಿನ ಗಂಟೆಗಳು

ಓದುಗರ ಪತ್ರ: ನನ್ನ ಮಗಳು ನರ್ಸ್. ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಮೊನ್ನೆ ರಾತ್ರಿ ಪಾಳಿಯಲ್ಲಿ, ಬಳಸಿದ ಸೂಜಿಗೆ ಮುಚ್ಚಳ ಹಾಕುವಾಗ ಬೆರಳಿಗೆ ಚುಚ್ಚಿಕೊಂಡಳು. ‘ರಕ್ತ ಹಿಂಡಿ ತೆಗಿ, ಸ್ಪಿರಿಟ್ ಹಚ್ಚು, ಯಾರಿಗೂ ಹೇಳಬೇಡ’ ಅಂದರಂತೆ ಜೊತೆಯವರು. ಹೆಪಟೈಟಿಸ್ ಬಿ ಲಸಿಕೆ ಎರಡು ಡೋಸ್ ಮಾತ್ರ ಆಗಿದೆ. ಅವಳಿಗೆ ನಿದ್ದೆಯಿಲ್ಲ. ಈ ಕೆಲಸವೇ ಬೇಡ ಅಂತ ಬಿಡಿಸಿಬಿಡಲೇ?
– ಒಬ್ಬ ತಾಯಿ

ಸಂಪಾದಕರ ಉತ್ತರ:

ಅಮ್ಮಾ, ಪತ್ರ ಓದಿದ ದಿನವೇ ಫೋನಿನಲ್ಲಿ ನಿಮಗೆ ಹೇಳಿದ್ದನ್ನು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಇಂಥದೇ ಗಾಯವನ್ನು ಮುಚ್ಚಿಟ್ಟುಕೊಂಡವರು ಇದನ್ನು ಓದುತ್ತಿರಬಹುದು.

ಪತ್ರ ನನ್ನ ಕೈ ಸೇರಿ ನಾವು ಮಾತಾಡುವಾಗಲೇ ಸೂಜಿ ಚುಚ್ಚಿ ಒಂಬತ್ತು ದಿನವಾಗಿತ್ತು. ನನಗೆ ಸಂಕಟವಾದದ್ದು ಅದಕ್ಕೇ. ಎಚ್‌ಐವಿ ತಡೆಯುವ ಮಾತ್ರೆಯನ್ನು ಕೆಲವೇ ಗಂಟೆಗಳಲ್ಲಿ ಶುರು ಮಾಡಬೇಕು, 28 ದಿನ ನುಂಗಬೇಕು. 72 ಗಂಟೆ ದಾಟಿದರೆ ಅದನ್ನು ಕೊಡುವುದಿಲ್ಲ. ಹೆಪಟೈಟಿಸ್ ಬಿ ಅಂದರೆ ರಕ್ತದಿಂದಲೂ ಹರಡುವ ಯಕೃತ್ತಿನ ಸೋಂಕು; ಅದಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಇಂಜೆಕ್ಷನ್ 24 ಗಂಟೆಯೊಳಗೆ ಆದರೆ ಒಳ್ಳೆಯದು, ಏಳು ದಿನದ ಮೇಲೆ ಉಪಯೋಗವಾಗುತ್ತದೆ ಅನ್ನುವ ಖಾತ್ರಿಯಿಲ್ಲ. ‘ಯಾರಿಗೂ ಹೇಳಬೇಡ’ ಅನ್ನುವ ಮಾತು ಕಿತ್ತುಕೊಳ್ಳುವುದು ಈ ಗಂಟೆಗಳನ್ನೇ. ಹೇಳಿದವರು ಕೆಟ್ಟವರಲ್ಲ. ಬೈಸಿಕೊಂಡು, ‘ಅಜಾಗರೂಕಳು’ ಅನ್ನಿಸಿಕೊಂಡು ಹೆದರಿದವರು. ಗಾಯವಾದವರನ್ನು ಬೈಯುವ ಮೇಲಿನವರ ಮೇಲೆ ನನಗೆ ಸಿಟ್ಟಿದೆ.

ಬೆರಳು ಹಿಂಡುವುದೂ ತಪ್ಪು. ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದರೆ ಸಾಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲೇಬಾರದು, ನೇರ ಗಟ್ಟಿ ಡಬ್ಬಿಗೆ ಹೋಗಬೇಕು.

ಈಗ ಅಪಾಯ ಎಷ್ಟು ಅಂತ ನೋಡೋಣ. ರೋಗಿಯ ರಕ್ತದಲ್ಲಿ ಎಚ್‌ಐವಿ ಇದ್ದರೂ, ಹೀಗೆ ಚುಚ್ಚಿಕೊಂಡ 1000 ಜನರಲ್ಲಿ ಸುಮಾರು ಮೂವರಿಗೆ ತಗಲುತ್ತದೆ. ಹೆಪಟೈಟಿಸ್ ಸಿ ಆದರೆ 100ಕ್ಕೆ ಇಬ್ಬರಿಗಿಂತ ಕಡಿಮೆ. ಅದಕ್ಕೆ ಲಸಿಕೆಯಿಲ್ಲ, ಆದರೆ ಎರಡು ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ. ಹೆಪಟೈಟಿಸ್ ಬಿ ಮಾತ್ರ, ಲಸಿಕೆ ಇಲ್ಲದವರಲ್ಲಿ 100ಕ್ಕೆ 6ರಿಂದ 30 ಜನರನ್ನು ಹಿಡಿಯುತ್ತದೆ. ಅದರ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಬದುಕಿರುತ್ತದೆ. ಎಲ್ಲರೂ ಹೆದರುವುದು ಎಚ್‌ಐವಿಗೆ. ಹೆಚ್ಚು ಹೆದರಬೇಕಾದದ್ದು ಇದಕ್ಕೆ, ಅಲ್ವಾ?

ಲಸಿಕೆ ಎಷ್ಟು ದೊಡ್ಡ ರಕ್ಷಣೆ ಅನ್ನುವುದಕ್ಕೆ ಅಮೆರಿಕದ ಲೆಕ್ಕ ನೋಡಿ. ಅಲ್ಲಿ 1983ರಲ್ಲಿ ಸುಮಾರು 17,000 ಆರೋಗ್ಯ ಕೆಲಸಗಾರರಿಗೆ ಹೆಪಟೈಟಿಸ್ ಬಿ ತಗಲಿತ್ತು. 1995ರಲ್ಲಿ ಅದು ಸುಮಾರು 400ಕ್ಕೆ ಇಳಿದಿತ್ತು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ವಾರ್ಡಿನ ಕಸ ಎತ್ತುವವರು, ರಕ್ತದ ಬಟ್ಟೆ ಒಗೆಯುವವರು ಇದ್ದಾರಲ್ಲ, ಅವರಿಗೂ ಸೂಜಿ ಚುಚ್ಚುತ್ತದೆ. ಅದು ಯಾವ ರೋಗಿಯದು ಅಂತಲೂ ಅವರಿಗೆ ಗೊತ್ತಾಗುವುದಿಲ್ಲ. ಲಸಿಕೆಯ ಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುವ ಹೆಸರು ಅವರದೇ. ನಿಮ್ಮ ಮಗಳು ಅವರ ಕಿವಿಗೂ ಈ ವಿಷಯ ಹಾಕಲಿ.

ಕೆಲಸ ಬಿಡಿಸಬೇಡಿ. ಬಿಟ್ಟರೂ ಆದ ಗಾಯಕ್ಕೆ ಪರೀಕ್ಷೆ ಬೇಕೇ ಬೇಕು. ಈಗಲೇ ಒಮ್ಮೆ, ಆಮೇಲೆ ವೈದ್ಯರು ಹೇಳಿದ ಹಾಗೆ ಆರು ವಾರಕ್ಕೆ, ಕೆಲವು ತಿಂಗಳಿಗೆ. ಮೂರನೇ ಡೋಸ್ ತಡವಾಗಿದೆ ಅಷ್ಟೆ, ಮೊದಲಿನಿಂದ ಶುರು ಮಾಡಬೇಕಿಲ್ಲ. ನಾಳೆಯೇ ಹಾಕಿಸಿಕೊಳ್ಳಲಿ. ಅದಾಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ರಕ್ಷಣೆ ಬಂದಿದೆಯೇ ಅಂತ ನೋಡಿಸಲಿ, ವರದಿಯಲ್ಲಿ ಆ ರಕ್ಷಣೆಯ ಅಂಕಿ (ಆ್ಯಂಟಿ-ಎಚ್‌ಬಿಎಸ್, mIU/mL ಲೆಕ್ಕದಲ್ಲಿ) 10ಕ್ಕಿಂತ ಕಡಿಮೆ ಇರಬಾರದು.

ಅಲ್ಲಿಯವರೆಗೆ ಅವಳನ್ನು ದೂರ ಕೂರಿಸಬೇಡಿ. ಜೊತೆಗೆ ಊಟ ಮಾಡಿ, ಪಕ್ಕದಲ್ಲೇ ಮಲಗಿಸಿಕೊಳ್ಳಿ. ಬ್ಲೇಡು, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ.